ಪೊಲೀಸನಾಗಲು ಹೊರಟ ಚಾರ್ಲಿ: ‘ಈಸಿ ಸ್ಟ್ರೀಟ್’ ಎಂಬ ಮೂಕಿ ಚಿತ್ರದ ಕಥೆ

ಕಾಸರಗೋಡಿನ ಜುಲೈ ಮಳೆ ಹೇಗೆಂದು ನಿಮಗೆ ಗೊತ್ತೇ ಉಂಟು. ಹಿಡಿದರೆ ಬಿಡುವ ಮಾತಿಲ್ಲ. ಅಂಥ ಒಂದು ಮಧ್ಯಾಹ್ನ ಏಳನೇ ತರಗತಿಯ ಆಟದ ಪೀರಿಯಡ್ ನೀರುಪಾಲಾಯಿತು. ಮೈದಾನ ಪೂರ್ತಿ ಕೆಸರು, ಮಕ್ಕಳ ಮುಖ ಸಪ್ಪೆ. ಪ್ರೊಜೆಕ್ಟರ್ ಇರುವ ಕೋಣೆ ಖಾಲಿ ಇತ್ತು. “ಬನ್ನಿ, ಒಂದು ಸಿನಿಮಾ ತೋರಿಸುತ್ತೇವೆ, ಆದರೆ ಅದರಲ್ಲಿ ಮಾತಿಲ್ಲ” ಎಂದೆವು.

“ಮಾತಿಲ್ಲದ್ದಾ? ಮತ್ತೆ ಎಂತ ನೋಡುವುದು ಸರ್ ಅದರಲ್ಲಿ?” ಎಂದು ಒಬ್ಬಳು ಕೇಳಿಯೇ ಬಿಟ್ಟಳು.

ತೋರಿಸಿದ್ದು ಚಾರ್ಲಿ ಚಾಪ್ಲಿನ್ ಅವರ ‘ಈಸಿ ಸ್ಟ್ರೀಟ್’. 1917ರ ಚಿತ್ರ. ಐದು ನಿಮಿಷ ಆಗುವಷ್ಟರಲ್ಲಿ ಮಳೆಯ ಸದ್ದು ಅಡಗುವಷ್ಟು ನಗು. ನಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು ಮಾತಾಡುವವರಿದ್ದಾರೆ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವವರಿದ್ದಾರೆ, ಹವ್ಯಕ ಕನ್ನಡದವರೂ ಇದ್ದಾರೆ. ಪಾಠ ಮಾಡುವಾಗ ಒಂದು ಜೋಕು ಹೇಳಿದರೆ ಅರ್ಧ ತರಗತಿ ಈಗ ನಕ್ಕರೆ ಉಳಿದರ್ಧ ಪಕ್ಕದವರಲ್ಲಿ ಕೇಳಿ ಆಮೇಲೆ ನಗುವುದು. ಅಂದು ಮಾತ್ರ ಎಲ್ಲರೂ ಒಟ್ಟಿಗೇ ನಕ್ಕರು.

ನಗದೆ ಕೂತವ ಒಬ್ಬನೇ. ಎಂಟನೇ ತರಗತಿಗೆ ಹೋದ ಮೇಲೆ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಸೇರಬೇಕೆಂದು ಈಗಲೇ ಅಂಗಳದಲ್ಲಿ ಲೆಫ್ಟ್-ರೈಟ್ ಅಭ್ಯಾಸ ಮಾಡುವ ಹುಡುಗ ಅವನು. (2010ರಲ್ಲಿ ಕೇರಳದ ಶಾಲೆಗಳಲ್ಲಿ ಈ ಯೋಜನೆ ಶುರುವಾದ ಮೇಲೆ ಖಾಕಿ ತೊಡುವ ಆಸೆ ನಮ್ಮ ಮಕ್ಕಳಲ್ಲಿ ಬಹಳ.) ಚಿತ್ರ ಮುಗಿದದ್ದೇ ಅವನು ಎದ್ದು ನಿಂತ. “ಸರ್, ಅವ ಪೊಲೀಸಲ್ವಾ? ಮತ್ತೆ ಅವನೇ ಯಾಕೆ ಕದಿಯುವುದು?”

ಅಷ್ಟರಲ್ಲಿ ಗಂಟೆ ಹೊಡೆಯಿತು. ನಾಳೆ ಹೇಳುತ್ತೇವೆ ಎಂದು ಜಾರಿಕೊಂಡೆವು. ನಿಜ ಹೇಳಬೇಕೆಂದರೆ ಉತ್ತರ ನಮ್ಮಲ್ಲೂ ತಯಾರಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಚಿತ್ರ ಹುಟ್ಟಿದ ಕಾಲ

ಮೊದಲು ಸ್ವಲ್ಪ ಚರಿತ್ರೆ. 1916ರ ಫೆಬ್ರವರಿಯಲ್ಲಿ ಚಾಪ್ಲಿನ್ ಅಮೆರಿಕದ ಮ್ಯೂಚುವಲ್ ಫಿಲ್ಮ್ ಕಾರ್ಪೊರೇಶನ್ ಜತೆ ಒಂದು ಕರಾರಿಗೆ ಸಹಿ ಹಾಕಿದರು. ವಾರಕ್ಕೆ 10,000 ಡಾಲರ್ ಸಂಬಳ, ಸಹಿ ಹಾಕಿದ್ದಕ್ಕೇ 1,50,000 ಡಾಲರ್ ಬೇರೆ. ವರ್ಷಕ್ಕೆ 52 ವಾರ. ಲೆಕ್ಕ ಹಾಕಿ ನೋಡಿ: 6,70,000 ಡಾಲರ್! ಆಗ ಅವರ ವಯಸ್ಸು 26. ಜಗತ್ತಿನಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರ ಸಾಲಿಗೆ ಅವರ ಹೆಸರು ಸೇರಿತು. ಪತ್ರಿಕೆಗಳಿಗೆ ಅದೇ ದೊಡ್ಡ ಸುದ್ದಿ.

ಕರಾರಿನ ಪ್ರಕಾರ ಹನ್ನೆರಡು ಚಿತ್ರ ಮಾಡಿಕೊಡಬೇಕು, ಪ್ರತಿಯೊಂದೂ ಎರಡು ರೀಲಿನದು. ಹಾಲಿವುಡ್‌ನ ಲೋನ್ ಸ್ಟಾರ್ ಎಂಬ ಸ್ಟುಡಿಯೋದಲ್ಲಿ ಕೆಲಸ. ‘ಈಸಿ ಸ್ಟ್ರೀಟ್’ ಆ ಹನ್ನೆರಡರಲ್ಲಿ ಒಂಬತ್ತನೆಯದು. ಬಿಡುಗಡೆಯಾದದ್ದು 1917ರ ಜನವರಿ 22ರಂದು. ಕ್ಯಾಮೆರಾ ಹಿಡಿದವರು ರೋಲಂಡ್ ಟೋಥೆರೊ. ನಾಯಕಿ ಎಡ್ನಾ ಪರ್ವಿಯನ್ಸ್. ಬೀದಿಯ ರೌಡಿಯಾಗಿ ಎರಿಕ್ ಕ್ಯಾಂಪ್‌ಬೆಲ್. ಕಥೆ, ನಿರ್ದೇಶನ, ಮುಖ್ಯ ಪಾತ್ರ ಮೂರೂ ಚಾಪ್ಲಿನ್ ಅವರದೇ. ಓದುವವರಿಗೆ ಗೊಂದಲ ಆಗಬಾರದೆಂದು, ಪರದೆಯ ಮೇಲಿನ ಅಲೆಮಾರಿಯನ್ನು ‘ಚಾರ್ಲಿ’ ಎಂದೂ ಚಿತ್ರ ಮಾಡಿದವರನ್ನು ‘ಚಾಪ್ಲಿನ್’ ಎಂದೂ ಕರೆಯುತ್ತೇವೆ.

ಮಕ್ಕಳಿಗೆ ಇನ್ನೊಂದು ಸಂಶಯ ಬಂತು. “ಆಗಿನ ಜನ ಇಷ್ಟು ಬೇಗ ಬೇಗ ನಡೆಯುತ್ತಿದ್ದರಾ?” ಇಲ್ಲ ಮಕ್ಕಳೇ. ಆ ಕಾಲದ ಕ್ಯಾಮೆರಾವನ್ನು ಕೈಯಿಂದ ತಿರುಗಿಸಬೇಕಿತ್ತು. ಸೆಕೆಂಡಿಗೆ ಸುಮಾರು 16ರಿಂದ 18 ಚಿತ್ರ ಹಿಡಿಯುತ್ತಿದ್ದರು. ಮಾತಿನ ಸಿನಿಮಾ ಬಂದ ಮೇಲೆ ಸೆಕೆಂಡಿಗೆ 24 ಎಂದು ನಿಗದಿಯಾಯಿತು. ಹಳೆಯ ರೀಲನ್ನು ಹೊಸ ವೇಗದಲ್ಲಿ ಓಡಿಸಿದರೆ ಎಲ್ಲರೂ ಬಸ್ಸು ತಪ್ಪಿದವರ ಹಾಗೆ ಓಡುತ್ತಾರೆ! ಹಾಸ್ಯ ಚಿತ್ರದವರು ಬೇಕೆಂದೇ ಸ್ವಲ್ಪ ನಿಧಾನಕ್ಕೆ ತಿರುಗಿಸಿ ಓಟ ಹೆಚ್ಚಿಸುವುದೂ ಇತ್ತು.

ಹೆಸರಿನ ಬಗ್ಗೆಯೂ ಒಂದು ಮಾತು. ‘ಈಸಿ ಸ್ಟ್ರೀಟ್’ ಎಂದರೆ ಸುಖದ ಬೀದಿ. ದುಡ್ಡುಕಾಸಿನ ಚಿಂತೆಯಿಲ್ಲದೆ ಬದುಕುವವರನ್ನು ಅಮೆರಿಕದವರು ‘ಈಸಿ ಸ್ಟ್ರೀಟಿನಲ್ಲಿದ್ದಾನೆ’ ಎನ್ನುತ್ತಾರೆ. ಚಿತ್ರದ ಬೀದಿಯಲ್ಲಿ ಸುಖ ಬಿಟ್ಟು ಮತ್ತೆಲ್ಲ ಉಂಟು.

ಅಲೆಮಾರಿಗೆ ಪೊಲೀಸ್ ಕೆಲಸ

ಕಥೆ ಹೀಗೆ. ಬಡವರಿಗಾಗಿ ನಡೆಸುವ ಒಂದು ಧರ್ಮಕೇಂದ್ರದ ಹೊರಗೆ ಚಾರ್ಲಿ ಮುದುಡಿ ಮಲಗಿದ್ದಾನೆ. ಒಳಗಿನಿಂದ ಹಾಡು ಕೇಳುತ್ತದೆ. ಎದ್ದು ಒಳಗೆ ಹೋಗುತ್ತಾನೆ. ಅಲ್ಲಿ ಸೇವೆ ಮಾಡುವ ಹುಡುಗಿಯನ್ನು ನೋಡಿ ಮನಸ್ಸು ಕರಗುತ್ತದೆ. ಇನ್ನು ಒಳ್ಳೆಯವನಾಗಿ ಬದುಕುತ್ತೇನೆ ಎಂದು ನಿಶ್ಚಯ ಮಾಡಿ, ತನ್ನ ದೊಗಳೆ ಪ್ಯಾಂಟಿನೊಳಗಿಂದ ಒಂದು ವಸ್ತು ಹೊರಗೆ ತೆಗೆದು ಕೊಡುತ್ತಾನೆ. ನೋಡಿದರೆ ಕಾಣಿಕೆ ಡಬ್ಬಿ! ಅಷ್ಟರಲ್ಲೇ ಅದನ್ನು ಎಗರಿಸಿ ಆಗಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕದ್ದು ಇಲ್ಲಿ.

ಅತ್ತ ಈಸಿ ಸ್ಟ್ರೀಟಿನಲ್ಲಿ ಎರಿಕ್ ಕ್ಯಾಂಪ್‌ಬೆಲ್‌ನ ದರಬಾರು. ಆರಡಿ ಮೀರಿದ ಆಳು, ಬೋಳಿಸಿದ ತಲೆ, ಹುಬ್ಬು ನೋಡಿದರೇ ಹೆದರಿಕೆ. ಆ ಬೀದಿಗೆ ಹೋದ ಪೊಲೀಸರು ಹರಿದ ಬಟ್ಟೆಯಲ್ಲಿ ಹಿಂದೆ ಬರುತ್ತಾರೆ, ಕೆಲವರನ್ನು ಎತ್ತಿಕೊಂಡೇ ಬರಬೇಕಾಗುತ್ತದೆ. ಠಾಣೆಯಲ್ಲಿ ಜನ ಸಾಲದು. ‘ಪೊಲೀಸ್ ಬೇಕಾಗಿದ್ದಾರೆ’ ಎಂದು ಹೊರಗೆ ಬೋರ್ಡು.

ಆ ಬೋರ್ಡಿನ ಎದುರು ಚಾರ್ಲಿ ನಿಲ್ಲುವ ದೃಶ್ಯವನ್ನು ಎರಡು ಸಲ ನೋಡಬೇಕು. ಬಾಗಿಲ ತನಕ ಹೋಗುತ್ತಾನೆ, ಹಿಂದೆ ಬರುತ್ತಾನೆ, ಮತ್ತೆ ಹೋಗುತ್ತಾನೆ. ಕೆಲಸದ ಇಂಟರ್‌ವ್ಯೂಗೆ ಹೋದವರಿಗೆಲ್ಲ ಆ ನಡಿಗೆ ಗೊತ್ತು. “ಇವನಿಗೆ ಎತ್ತರ ಸಾಲುವುದಿಲ್ಲ ಸರ್, ಸೆಲೆಕ್ಷನ್ ಆಗಲಿಕ್ಕಿಲ್ಲ” ಎಂದ ನಮ್ಮ ಭಾವೀ ಪೊಲೀಸ್. ಆದರೆ ಆ ಠಾಣೆಯವರಿಗೆ ಎತ್ತರ ಅಳೆಯುವಷ್ಟು ಪುರುಸೊತ್ತಿಲ್ಲ, ಕಾಲಿನ ಮೇಲೆ ನಿಲ್ಲುವವನು ಸಿಕ್ಕಿದರೆ ಸಾಕು. ಟೋಪಿ, ಕೋಟು, ಬೆಲ್ಟು, ಕೋಲು ಎಲ್ಲ ಕೊಟ್ಟು ಬೀದಿಗೆ ಕಳಿಸುತ್ತಾರೆ. ನಿನ್ನೆ ತನಕ ಪೊಲೀಸರನ್ನು ಕಂಡರೆ ಓಡುತ್ತಿದ್ದವನು ಇಂದು ಪೊಲೀಸ್.

ಆ ಕಾಲದ ಹಾಸ್ಯ ಚಿತ್ರಗಳಲ್ಲಿ ಪೊಲೀಸರನ್ನು ತಮಾಷೆ ಮಾಡುವುದು ಹೊಸತಲ್ಲ. ಮ್ಯಾಕ್ ಸೆನೆಟ್ ಅವರ ಕೀಸ್ಟೋನ್ ಕಂಪೆನಿ 1912ರಿಂದಲೇ ‘ಕೀಸ್ಟೋನ್ ಕಾಪ್ಸ್’ ಎಂಬ ಪೊಲೀಸ್ ಪಡೆಯನ್ನು ಕಟ್ಟಿಕೊಂಡು ನಗಿಸುತ್ತಿತ್ತು. ಹತ್ತು ಮಂದಿ ಪೊಲೀಸರು ಒಂದೇ ಗಾಡಿಯಲ್ಲಿ ಹತ್ತಿ, ಒಟ್ಟಿಗೆ ಬಿದ್ದು, ಒಟ್ಟಿಗೆ ಓಡುವುದೇ ಅದರ ಮಜಾ. 1913ರಲ್ಲಿ ಅದೇ ಕಂಪೆನಿಯ ‘ಫ್ಯಾಟಿ ಜಾಯಿನ್ಸ್ ದಿ ಫೋರ್ಸ್’ ಚಿತ್ರದಲ್ಲಿ ರಾಸ್ಕೊ ಆರ್ಬಕಲ್ ಎಂಬ ದಪ್ಪ ನಟ ಪೊಲೀಸ್ ಕೆಲಸಕ್ಕೆ ಸೇರಿ ಪೇಚಿಗೆ ಸಿಕ್ಕಿಬೀಳುತ್ತಾನೆ. ಚಾಪ್ಲಿನ್ ಅವರೂ ಚಿತ್ರರಂಗಕ್ಕೆ ಕಾಲಿಟ್ಟದ್ದು ಕೀಸ್ಟೋನ್ ಮೂಲಕವೇ. ಅವರ ಮೊದಲ ಚಿತ್ರ ಬಂದದ್ದು 1914ರ ಫೆಬ್ರವರಿಯಲ್ಲಿ. ಅಲ್ಲೆಲ್ಲ ಪೊಲೀಸ್ ಎಂದರೆ ಬೀಳಲಿಕ್ಕೆ, ಏಟು ತಿನ್ನಲಿಕ್ಕೆ ಇರುವ ಗೊಂಬೆ. ಅವನಿಗೆ ಊರಿಲ್ಲ, ಹಿಂದಿನ ಕಥೆಯಿಲ್ಲ. ‘ಈಸಿ ಸ್ಟ್ರೀಟ್’ನ ಪೊಲೀಸನಿಗೆ ಹಿಂದಿನ ಕಥೆ ಉಂಟು. ಅವನು ಕದ್ದವನು, ಹಸಿದವನು, ಬೀದಿಯಲ್ಲಿ ಮಲಗಿದವನು. ಇಷ್ಟೇ ವ್ಯತ್ಯಾಸ, ಆದರೆ ಚಿತ್ರ ನಿಂತಿರುವುದೇ ಅದರ ಮೇಲೆ.

ದೀಪದ ಕಂಬ

ಚಾರ್ಲಿಯೂ ಎರಿಕ್ಕನೂ ಮುಖಾಮುಖಿಯಾಗುವ ಜಾಗದಲ್ಲಿ ಬೀದಿದೀಪದ ಕಂಬವೊಂದಿದೆ. ಚಾರ್ಲಿ ಮೆಲ್ಲನೆ ಠಾಣೆಗೆ ಫೋನ್ ಮಾಡಲು ನೋಡುತ್ತಾನೆ, ಆಗುವುದಿಲ್ಲ. ಕೋಲಿನಿಂದ ತಲೆಗೆ ಬಾರಿಸುತ್ತಾನೆ. ರೌಡಿಗೆ ಸೊಳ್ಳೆ ಕಚ್ಚಿದ ಹಾಗೂ ಆಗುವುದಿಲ್ಲ! ‘ನೋಡು ನನ್ನ ಶಕ್ತಿ’ ಎಂದು ಆ ದೈತ್ಯ ಕಂಬವನ್ನೇ ಬಗ್ಗಿಸುತ್ತಾನೆ. ಬಗ್ಗಿದ್ದೇ ತಡ, ಚಾರ್ಲಿ ಅವನ ಬೆನ್ನಿಗೆ ಹಾರಿ, ದೀಪದ ಗೂಡನ್ನು ಅವನ ತಲೆಗೆ ಸಿಕ್ಕಿಸಿ ಗ್ಯಾಸ್ ತಿರುಗಿಸಿಬಿಡುತ್ತಾನೆ. ಆಮೇಲೆ ಆಪರೇಷನ್‌ಗೆ ಮೊದಲು ಡಾಕ್ಟರು ಮಾಡುವಂತೆ ಕೈ ಹಿಡಿದು ನಾಡಿ ನೋಡುತ್ತಾನೆ. ಸಾಲದು ಅನ್ನಿಸಿ ಇನ್ನೂ ಸ್ವಲ್ಪ ಗ್ಯಾಸ್ ಬಿಡುತ್ತಾನೆ.

ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು. ಆ ಕಾಲದ ಬೀದಿದೀಪ ಕರೆಂಟಿನದಲ್ಲ. ಕಲ್ಲಿದ್ದಲಿನಿಂದ ತೆಗೆದ ಅನಿಲವನ್ನು ಕೊಳವೆಯಲ್ಲಿ ಹರಿಸಿ ಉರಿಸುತ್ತಿದ್ದರು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ನಿಜ ಜೀವನದಲ್ಲಿ ಅದು ಮೂರ್ಛೆ ಮಾತ್ರ ಅಲ್ಲ, ಜೀವವನ್ನೇ ತೆಗೆಯುವ ವಿಷ. ಆದ್ದರಿಂದ ಇದು ಸಿನಿಮಾದ ಆಟ ಮಾತ್ರ ಎಂದು ಎರಡೆರಡು ಸಲ ಹೇಳಿದೆವು.

ಆಟವೂ ಸುಲಭದ್ದಾಗಿರಲಿಲ್ಲ. ಚಿತ್ರೀಕರಣದ ಸಮಯದಲ್ಲಿ ಇದೇ ಕಂಬ ಬಿದ್ದು ಚಾಪ್ಲಿನ್ ಅವರ ಮೂಗಿನ ಮೇಲೆ ಗಾಯವಾಯಿತು. ಮುಖಕ್ಕೆ ಬಣ್ಣ ಹಚ್ಚುವಂತಿಲ್ಲ, ಕೆಲಸ ಕೆಲವು ದಿನ ನಿಂತಿತು. ಚಾಪ್ಲಿನ್ ಅವರಿಗೆ ಮೊದಲೇ ಬರೆದಿಟ್ಟ ಚಿತ್ರಕಥೆ ಎಂಬುದಿರಲಿಲ್ಲ. ಸೆಟ್ ಹಾಕಿಸಿ, ಕ್ಯಾಮೆರಾ ಓಡಿಸುತ್ತಲೇ ಮತ್ತೆ ಮತ್ತೆ ಮಾಡಿ ನೋಡಿ ಕಥೆ ಕಟ್ಟುವುದು ಅವರ ಕ್ರಮ. ಈ ಮ್ಯೂಚುವಲ್ ಚಿತ್ರಗಳಿಂದ ಕತ್ತರಿಸಿ ಬಿಟ್ಟ ರೀಲುಗಳು ಉಳಿದುಕೊಂಡಿದ್ದವು. ಅವನ್ನು ಹುಡುಕಿ ಜೋಡಿಸಿ ಕೆವಿನ್ ಬ್ರೌನ್‌ಲೋ ಮತ್ತು ಡೇವಿಡ್ ಗಿಲ್ 1983ರಲ್ಲಿ ‘ಅನ್‌ನೋನ್ ಚಾಪ್ಲಿನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಒಂದು ನಗುವಿಗಾಗಿ ಎಷ್ಟು ಸಲ ತಿದ್ದಿದ್ದಾರೆಂದು ಅದರಲ್ಲಿ ಕಾಣುತ್ತದೆ. ಒಂದು ಪ್ರಬಂಧವನ್ನು ಎರಡನೇ ಸಲ ಬರೆಯಲು ಹೇಳಿದರೆ ಮುಖ ಸಿಂಡರಿಸುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ!

ಪಾಪ, ರೌಡಿ ಎರಿಕ್ ನಿಜ ಜೀವನದಲ್ಲಿ ಚಾಪ್ಲಿನ್ ಅವರ ಆಪ್ತ ಗೆಳೆಯ. ಇಬ್ಬರೂ ಇಂಗ್ಲೆಂಡಿನ ಫ್ರೆಡ್ ಕಾರ್ನೊ ನಾಟಕ ಕಂಪೆನಿಯಲ್ಲಿ ಪಳಗಿ ಬಂದವರು. ಅದೇ 1917ರ ಡಿಸೆಂಬರಿನಲ್ಲಿ ಕಾರು ಅಪಘಾತದಲ್ಲಿ ಎರಿಕ್ ತೀರಿಕೊಂಡರು. ಅಂಥ ಎದುರಾಳಿ ಚಾಪ್ಲಿನ್ ಅವರಿಗೆ ಮತ್ತೆ ಸಿಗಲಿಲ್ಲ.

ಕಳ್ಳಿಗೆ ಪೊಲೀಸನ ಸಹಾಯ

ಈಗ ನಮ್ಮ ಹುಡುಗ ಕೇಳಿದ ಜಾಗಕ್ಕೆ ಬಂದೆವು. ರೌಡಿಯನ್ನು ಹಿಡಿದ ಮೇಲೆ ಬೀದಿಯ ಜನಕ್ಕೆಲ್ಲ ಚಾರ್ಲಿಯ ಭಯ. ಅವನು ತಿರುಗಿ ನೋಡಿದರೆ ಸಾಕು, ಗುಂಪಿಗೆ ಗುಂಪೇ ಚದುರಿ ಮನೆ ಸೇರುತ್ತದೆ. ಹಾಗೆ ಗಸ್ತು ತಿರುಗುವಾಗ ಒಬ್ಬ ಹೆಂಗಸು ತಿನ್ನುವ ವಸ್ತು ಕದ್ದು ಬಟ್ಟೆಯೊಳಗೆ ಅಡಗಿಸಿಕೊಂಡದ್ದು ಕಣ್ಣಿಗೆ ಬೀಳುತ್ತದೆ. ಅವಳು ಬೇರೆ ಯಾರೂ ಅಲ್ಲ, ಆ ರೌಡಿಯ ಹೆಂಡತಿಯೇ. ಹಿಡಿದು ಗದರಿಸುತ್ತಾನೆ. ಅವಳು ಅಳುತ್ತಾಳೆ, ಹೊಟ್ಟೆಗಿಲ್ಲ ಎನ್ನುತ್ತಾಳೆ. ಚಾರ್ಲಿ ಆಚೀಚೆ ನೋಡುತ್ತಾನೆ. ಆಮೇಲೆ ಯೂನಿಫಾರ್ಮಿನಲ್ಲೇ ಅಂಗಡಿಯ ಕಡೆ ಹೋಗಿ ತರಕಾರಿ ಎತ್ತಿ ಎತ್ತಿ ತಂದು ಅವಳ ಮಡಿಲು ತುಂಬಿಸುತ್ತಾನೆ. ಹಿಡಿದ ಪೊಲೀಸನೇ ಕದಿಯುತ್ತಾನೆ!

ಅದರ ಬೆನ್ನಿಗೇ ಇನ್ನೊಂದು ದೃಶ್ಯ. ಸೇವೆಯ ಹುಡುಗಿ ಚಾರ್ಲಿಯನ್ನು ಒಂದು ಬಡ ಮನೆಗೆ ಕರೆದೊಯ್ಯುತ್ತಾಳೆ. ಒಂದೇ ಕೋಣೆ, ಅದರ ತುಂಬ ಮಕ್ಕಳು. ಕೋಳಿಗಳಿಗೆ ಕಾಳು ಎರಚುವ ಹಾಗೆ ಚಾರ್ಲಿ ಆ ಮಕ್ಕಳಿಗೆ ತಿಂಡಿ ಎರಚುತ್ತಾನೆ. ಆಮೇಲೆ ಅಷ್ಟು ಮಕ್ಕಳ ತಂದೆಯನ್ನು ಹುಡುಕಿದರೆ, ಮೂಲೆಯಲ್ಲೊಬ್ಬ ಪುಟ್ಟ ಬಡಕಲು ಮನುಷ್ಯ. ಅವನನ್ನೂ ಮಕ್ಕಳನ್ನೂ ಮತ್ತೆ ಮತ್ತೆ ನೋಡಿ, ತನ್ನ ಎದೆಯ ಪೊಲೀಸ್ ಬ್ಯಾಡ್ಜ್ ಬಿಚ್ಚಿ ಅವನ ಅಂಗಿಗೆ ಚುಚ್ಚುತ್ತಾನೆ! ಗಟ್ಟಿಯಾಗಿ ನಗುವಂಥದ್ದೇ. ಆದರೆ ಕೋಳಿಗಳ ಹಾಗೆ ಮಕ್ಕಳು ಬಾಗಿ ಹೆಕ್ಕುವುದನ್ನು ಎರಡನೇ ಸಲ ನೋಡುವಾಗ ನಗು ಅಷ್ಟು ಸಲೀಸಾಗಿ ಬರುವುದಿಲ್ಲ.

ಬೀದಿ ಎಲ್ಲಿಂದ ಬಂತು?

ಚಿತ್ರದ ಬೀದಿ ಹಾಲಿವುಡ್‌ನಲ್ಲಿ ಹಾಕಿದ ಸೆಟ್. ಆದರೆ ಅದರ ಇಟ್ಟಿಗೆಯ ಮನೆಗಳೂ ಮೂಲೆಯ ತಿರುವೂ ದಕ್ಷಿಣ ಲಂಡನ್ನಿನ ಬಡ ಬೀದಿಗಳ ಹಾಗಿವೆ ಎಂದು ಚಾಪ್ಲಿನ್ ಅವರ ಜೀವನ ಚರಿತ್ರೆ ಬರೆದವರು ಗುರುತಿಸಿದ್ದಾರೆ. ಅವರು ಬೆಳೆದದ್ದು ಆ ಬೀದಿಗಳಲ್ಲಿ.

ಹುಟ್ಟಿದ್ದು 1889ರ ಏಪ್ರಿಲ್ 16. ತಂದೆ ತಾಯಿ ಇಬ್ಬರೂ ರಂಗಭೂಮಿಯ ಹಾಡುಗಾರರು. ತಂದೆ ಮನೆ ಬಿಟ್ಟರು, ಕುಡಿತಕ್ಕೆ ಬಿದ್ದರು, 1901ರಲ್ಲಿ 38ನೇ ವಯಸ್ಸಿಗೆ ತೀರಿಕೊಂಡರು. ತಾಯಿ ಹ್ಯಾನಾ ಅವರ ಸ್ವರ ಹೋಯಿತು. ಹೊಲಿಗೆ ಕೆಲಸ ಮಾಡಿ ಮಕ್ಕಳನ್ನು ಸಾಕಿದರು. ಅದೂ ಸಾಗದೆ 1896ರಲ್ಲಿ ಇಬ್ಬರು ಮಕ್ಕಳ ಜತೆ ವರ್ಕ್‌ಹೌಸ್ ಸೇರಬೇಕಾಯಿತು. ವರ್ಕ್‌ಹೌಸ್ ಎಂದರೆ ದಿಕ್ಕಿಲ್ಲದ ಬಡವರಿಗೆ ಅನ್ನ ಹಾಕಿ ದುಡಿಸುವ ಸರಕಾರಿ ಗಂಜಿಕೇಂದ್ರ ಎಂದಿಟ್ಟುಕೊಳ್ಳಿ. ಅಲ್ಲಿ ತಾಯಿ ಒಂದು ಕಡೆ, ಮಕ್ಕಳು ಒಂದು ಕಡೆ. ಆಗ ಚಾರ್ಲ್ಸ್‌ನಿಗೆ ಏಳು ವರ್ಷ. ಮುಂದೆ ತಾಯಿಗೆ ಮಾನಸಿಕ ಕಾಯಿಲೆಯೂ ಬಂತು.

ವರ್ಕ್‌ಹೌಸಿನಿಂದ ಮಗುವನ್ನು ಹ್ಯಾನ್‌ವೆಲ್ ಎಂಬಲ್ಲಿನ ಬಡಮಕ್ಕಳ ವಸತಿ ಶಾಲೆಗೆ ಕಳಿಸಿದರು. ಅಲ್ಲಿಯ ಒಂದು ಘಟನೆಯನ್ನು ಚಾಪ್ಲಿನ್ 1964ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಶೌಚಾಲಯದಲ್ಲಿ ಕಾಗದಕ್ಕೆ ಬೆಂಕಿ ಹಚ್ಚಿದನೆಂಬ ಆರೋಪ ಇವರ ಮೇಲೆ ಬಂತು. ಇವರು ಹಚ್ಚಿರಲಿಲ್ಲ. ಆದರೆ ಎಲ್ಲ ಹುಡುಗರ ಎದುರು ನಿಲ್ಲಿಸಿ ತಪ್ಪು ಮಾಡಿದೆಯೋ ಇಲ್ಲವೋ ಎಂದು ಕೇಳಿದಾಗ, ಹೆದರಿಕೆಯಲ್ಲಿ ಬಾಯಿಂದ ಬಂದದ್ದು ಮಾಡಿದೆ ಎಂಬ ಮಾತು. ಬೆತ್ತದ ಏಟು ಬಿತ್ತು.

ಇಪ್ಪತ್ತು ವರ್ಷ ಕಳೆದ ಮೇಲೆ ಆ ಹುಡುಗನೇ ಪರದೆಯ ಮೇಲೆ ಪೊಲೀಸಿನ ಕೋಲು ಹಿಡಿದು ನಿಂತ. ಹಸಿದ ಹೆಂಗಸನ್ನು ಕಂಡಾಗ ಆ ಪೊಲೀಸ್ ಏನು ಮಾಡಿದನೆಂದು ಈಗ ಇನ್ನೊಮ್ಮೆ ನೆನಪಿಸಿಕೊಳ್ಳಿ.

ನಮ್ಮ ಕೋಲಿನ ಕಥೆ

ಇಲ್ಲಿ ನಾವೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದಿನ ಮಾತು. ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಕೊಡುವ ದಿನ. ಎಣಿಸುವಾಗ ಒಂದು ಕಡಿಮೆ ಬಂತು. ಒಬ್ಬ ಹುಡುಗನ ಚೀಲದಲ್ಲಿ ಕಾಗದ ಸುತ್ತಿದ ಮೊಟ್ಟೆ ಸಿಕ್ಕಿತು. ಅವನನ್ನು ಎಲ್ಲರ ಎದುರು ನಿಲ್ಲಿಸಿ ಕೇಳಿದೆವು. ಹೊಡೆಯಲಿಲ್ಲ, ಆದರೆ ನಮ್ಮ ಮಾತು ಕೋಲಿಗಿಂತ ಕಡಿಮೆ ಇರಲಿಲ್ಲ. ಅವನು ತಲೆ ತಗ್ಗಿಸಿದ, ಬಾಯಿ ಬಿಡಲಿಲ್ಲ. ಬಾಯಿ ಬಿಡದಿರುವುದೇ ಒಪ್ಪಿಗೆ ಎಂದು ತೀರ್ಮಾನ ಮಾಡಿದೆವು.

ಹತ್ತು ದಿನ ಬಿಟ್ಟು ಅಡುಗೆಯ ಅಕ್ಕ ಹೇಳಿದರು. “ಮಾಷ್ಟ್ರೇ, ಆ ಮೊಟ್ಟೆ ಅವನ ಪಾಲಿನದ್ದೇ. ಅವ ತಿನ್ನದೆ ಮನೆಗೆ ಕೊಂಡು ಹೋಗುವುದು, ತಂಗಿಗೆ ಹುಷಾರಿಲ್ಲ. ಅವತ್ತು ಒಂದು ಒಡೆದದ್ದನ್ನು ನಾನೇ ಲೆಕ್ಕ ಹೇಳಲಿಕ್ಕೆ ಮರೆತೆ.”

ಹುಡುಗನನ್ನು ಕರೆಸಿ ತಪ್ಪಾಯಿತು ಎಂದೆವು. “ಪರವಾಗಿಲ್ಲ ಸರ್” ಎಂದು ಓಡಿಹೋದ. ಎಲ್ಲರ ಎದುರು ಕಳ್ಳ ಎಂದವರು ನಾವು, ತಪ್ಪಾಯಿತು ಎಂದದ್ದು ಮಾತ್ರ ಆಫೀಸಿನ ಬಾಗಿಲ ಮರೆಯಲ್ಲಿ. ಆ ಹುಡುಗ ಈಗ ನಮ್ಮ ಶಾಲೆಯಲ್ಲಿ ಇಲ್ಲ. ಹ್ಯಾನ್‌ವೆಲ್ ಶಾಲೆಯ ಕಥೆ ಓದಿದ ರಾತ್ರಿ ನಮಗೆ ಅವನ ತಗ್ಗಿಸಿದ ತಲೆಯೇ ಕಣ್ಣೆದುರು.

ಚಿತ್ರದ ಕೊನೆ

ಎರಿಕ್ ಠಾಣೆಯಿಂದ ತಪ್ಪಿಸಿಕೊಂಡು ಮತ್ತೆ ಬೀದಿಗೆ ಬರುತ್ತಾನೆ. ಓಟ, ಬೆನ್ನಟ್ಟುವಿಕೆ. ಕೊನೆಗೆ ಚಾರ್ಲಿ ಮಹಡಿಯ ಕಿಟಕಿಯಿಂದ ಕಬ್ಬಿಣದ ಒಲೆಯನ್ನೇ ಅವನ ತಲೆಗೆ ಹಾಕುತ್ತಾನೆ. ಆಮೇಲೆ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದ ಹುಡುಗಿಯನ್ನು ಬಿಡಿಸುವಾಗ, ಮಾದಕ ವ್ಯಸನಿಯೊಬ್ಬನ ಸೂಜಿ ಚಾರ್ಲಿಗೆ ಚುಚ್ಚಿ, ಅದರಿಂದ ಬಂದ ಆವೇಶದಲ್ಲಿ ಎಲ್ಲರನ್ನೂ ಬಡಿಯುವ ಒಂದು ದೃಶ್ಯ ಉಂಟು. ಶಿಕ್ಷಕ ಮಿತ್ರರೇ, ಮಕ್ಕಳಿಗೆ ತೋರಿಸುವುದಾದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಿ. ನಾವು ಹಾಗೇ ಮಾಡಿದೆವು.

ಕಡೆಯಲ್ಲಿ ಬೀದಿ ಬದಲಾಗಿದೆ. ಅಲ್ಲಿಯೇ ಹೊಸ ಧರ್ಮಕೇಂದ್ರ ಎದ್ದಿದೆ. ಎರಿಕ್ ಒಳ್ಳೆಯ ಬಟ್ಟೆ ತೊಟ್ಟು, ಹೆಂಡತಿಯ ಜತೆ ಸಭ್ಯನಾಗಿ ಅಲ್ಲಿಗೆ ಬರುತ್ತಾನೆ. ಚಾರ್ಲಿಯೂ ಹುಡುಗಿಯೂ ಕೈ ಹಿಡಿದು ನಡೆಯುತ್ತಾರೆ. ಎಲ್ಲ ಸುಖಾಂತ.

ಇಷ್ಟು ಸುಲಭವಾ? ನಮಗೆ ಹಾಗೆ ಅನ್ನಿಸುವುದಿಲ್ಲ. ತಲೆಗೆ ಒಲೆ ಬಿದ್ದ ಮಾತ್ರಕ್ಕೆ ಯಾವ ರೌಡಿಯೂ ಸಜ್ಜನನಾಗುವುದಿಲ್ಲ. ಚಾಪ್ಲಿನ್ ಅವರಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಏಕೆಂದರೆ ಆ ಹಸಿದ ಹೆಂಗಸನ್ನು ಅವರು ಅಲ್ಲಿಗೇ ಬಿಡಲಿಲ್ಲ. 1936ರ ‘ಮಾಡರ್ನ್ ಟೈಮ್ಸ್’ ಚಿತ್ರದಲ್ಲಿ ಹಸಿದ ಹುಡುಗಿಯೊಬ್ಬಳು ಬ್ರೆಡ್ ಕದ್ದು ಸಿಕ್ಕಿಬೀಳುತ್ತಾಳೆ. ಅಲೆಮಾರಿ ಮುಂದೆ ಬಂದು, ಕದ್ದವನು ತಾನು ಎನ್ನುತ್ತಾನೆ. ಹ್ಯಾನ್‌ವೆಲ್‌ನಲ್ಲಿ ಹೆದರಿ ಒಪ್ಪಿಕೊಂಡ ತಪ್ಪನ್ನು ಇಲ್ಲಿ ಇನ್ನೊಬ್ಬರಿಗಾಗಿ ಮನಸಾರೆ ಒಪ್ಪಿಕೊಂಡ ಹಾಗೆ ನಮಗೆ ಕಂಡಿತು.

ಇದೇ ಚಾಪ್ಲಿನ್ ಮೇಲೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ವರ್ಷಗಟ್ಟಲೆ ಕಣ್ಣಿಟ್ಟು ದೊಡ್ಡ ಕಡತ ಬೆಳೆಸಿತು. 1952ರಲ್ಲಿ ಅವರು ಹಡಗು ಹತ್ತಿ ಲಂಡನ್ನಿಗೆ ಹೊರಟ ಮೇಲೆ ಹಿಂದೆ ಬರುವ ಪರವಾನಗಿಯನ್ನು ಅಮೆರಿಕ ರದ್ದು ಮಾಡಿತು. ಮತ್ತೆ ಅವರು ಆ ನೆಲಕ್ಕೆ ಕಾಲಿಟ್ಟದ್ದು 1972ರಲ್ಲಿ, ಗೌರವ ಆಸ್ಕರ್ ಸ್ವೀಕರಿಸಲು.

ಅಂದ ಹಾಗೆ, ಲೋನ್ ಸ್ಟಾರ್ ಸ್ಟುಡಿಯೋದ ಜಾಗ 1920ರ ಹೊತ್ತಿಗೆ ಬಸ್ಟರ್ ಕೀಟನ್ ಎಂಬ ಇನ್ನೊಬ್ಬ ಮಹಾ ಹಾಸ್ಯಗಾರನ ಕೈಗೆ ಬಂತು. 1922ರಲ್ಲಿ ಅವರು ಮಾಡಿದ ‘ಕಾಪ್ಸ್’ ಚಿತ್ರದಲ್ಲಿ ಊರಿಗೆ ಊರೇ ಪೊಲೀಸರು ಒಬ್ಬ ಪಾಪದವನ ಹಿಂದೆ ಓಡುತ್ತಾರೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ಒಳ್ಳೆಯದು.

ಮಾತು ಬಂದಾಗ

ಮೂಕಿ ಚಿತ್ರಕ್ಕೆ ಗಡಿ ಇರಲಿಲ್ಲ. ನಡುವೆ ಬರುವ ಬರಹದ ಪಟ್ಟಿಗಳನ್ನು ಕತ್ತರಿಸಿ ಆಯಾ ಊರಿನ ಭಾಷೆಯದನ್ನು ಅಂಟಿಸಿದರೆ ಮುಗಿಯಿತು. 1927ರಲ್ಲಿ ಅಮೆರಿಕದಲ್ಲಿ ‘ದಿ ಜಾಝ್ ಸಿಂಗರ್’, 1931ರಲ್ಲಿ ನಮ್ಮ ದೇಶದಲ್ಲಿ ‘ಆಲಂ ಆರಾ’ ಬಂದು ಸಿನಿಮಾ ಮಾತಾಡತೊಡಗಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡ ಸಿನಿಮಾ ಮೊದಲ ಮಾತಾಡಿದ್ದು ಇಂದಿನ ಗಡಿಯ ಆಚೆ, ನಮ್ಮ ಹಾಗೆಯೇ!

ಚಾಪ್ಲಿನ್ ಮಾತ್ರ ಮಾತಿಗೆ ಬೇಗ ಒಲಿಯಲಿಲ್ಲ. ಅವರ ಮೊದಲ ಪೂರ್ಣ ವಾಕ್ಚಿತ್ರ ‘ದಿ ಗ್ರೇಟ್ ಡಿಕ್ಟೇಟರ್’ ಬಂದದ್ದು 1940ರಲ್ಲಿ. ಚಾರ್ಲಿಯ ಬಾಯಿಗೆ ಇಂಗ್ಲಿಷ್ ಹಾಕಿದರೆ ಅವನು ಇಂಗ್ಲಿಷಿನವನಾಗಿಬಿಡುತ್ತಾನೆ ಎಂಬ ಅಂಜಿಕೆ ಅವರಿಗಿತ್ತು. ಏಳನೇ ತರಗತಿಯ ಆ ನಗು ಕೇಳಿದ ಮೇಲೆ ಅವರು ಅಂಜಿದ್ದು ಸುಳ್ಳಲ್ಲ ಅನ್ನಿಸಿತು.

ಮರುದಿನ

ಮರುದಿನ ಆ ಹುಡುಗ ಮರೆಯಲಿಲ್ಲ. “ಸರ್, ನಿನ್ನೆಯದ್ದು?” ಎಂದ. ನಾವು ಉತ್ತರ ಹೇಳುವ ಬದಲು ಮಕ್ಕಳಲ್ಲೇ ಕೇಳಿದೆವು.

“ಕದ್ದದ್ದು ತಪ್ಪೇ ಸರ್, ಅಂಗಡಿಯವನ ಗತಿ ಎಂತ?” ಎಂದಳು ತಂದೆ ಗೂಡಂಗಡಿ ಇಟ್ಟಿರುವ ಹುಡುಗಿ. ಒಳ್ಳೆಯ ಮಾತು. ಚಿತ್ರದಲ್ಲಿ ಅಂಗಡಿಯವನ ನಷ್ಟದ ಲೆಕ್ಕ ಯಾರೂ ಕೇಳುವುದಿಲ್ಲ. “ಅವ ಪೊಲೀಸಲ್ವಾ, ಸಂಬಳದಲ್ಲಿ ದುಡ್ಡು ಕೊಟ್ಟು ತರಬಹುದಿತ್ತು” ಎಂದ ಇನ್ನೊಬ್ಬ. “ಸಂಬಳ ಆಗಿರಲಿಕ್ಕಿಲ್ಲ ಮಾರಾಯ, ಅವತ್ತೇ ಅಲ್ವಾ ಸೇರಿದ್ದು!” ಎಂದು ಮೂರನೆಯವನು. ತರಗತಿ ನಕ್ಕಿತು. ನಮ್ಮ ಭಾವೀ ಪೊಲೀಸ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಮೊದಲು ಯಾಕೆ ಕದ್ದದ್ದು ಅಂತ ಕೇಳಬೇಕು ಸರ್. ಅವ ಕೇಳಿದ. ಅದು ಸರಿ. ಕದ್ದು ಕೊಟ್ಟದ್ದು ಸರಿ ಅಲ್ಲ.”

ಅವನ ಮಾತಿಗೆ ನಾವು ಸೇರಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಅದರ ಬದಲು ಮೊಟ್ಟೆಯ ಕಥೆ ಹೇಳಿದೆವು, ಹುಡುಗನ ಹೆಸರು ಬಿಟ್ಟು. ಅಂದು ನಾವು ಕೇಳಲಿಲ್ಲ, ತಪ್ಪಾಯಿತು ಎಂದು ಈ ಸಲ ತರಗತಿಯ ಎದುರೇ ಹೇಳಿದೆವು. ತಡವಾಯಿತು, ಗೊತ್ತುಂಟು. ಮಕ್ಕಳು ನಗಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಸ್ವರ: “ಸರ್, ಅವನ ತಂಗಿಗೆ ಮತ್ತೆ ಹುಷಾರಾಯಿತಾ?”

ಆಯಿತು ಎಂದೆವು. ಅದನ್ನಾದರೂ ಆಗ ವಿಚಾರಿಸಿದ್ದೆವು.

ಶಿಕ್ಷಕ ಮಿತ್ರರೇ, ಈ ಚಿತ್ರ ನೂರು ವರ್ಷ ದಾಟಿದ್ದು, ಮೂಲ ಚಿತ್ರಕ್ಕೆ ಈಗ ಹಕ್ಕುಸ್ವಾಮ್ಯದ ತೊಡಕಿಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಇಪ್ಪತ್ತೈದು ನಿಮಿಷ ಸಾಕು, ಒಂದು ಪೀರಿಯಡ್‌ನಲ್ಲಿ ಮುಗಿದು ಮಾತಿಗೂ ಸಮಯ ಉಳಿಯುತ್ತದೆ. ಬರಹದ ಪಟ್ಟಿಗಳು ಇಂಗ್ಲಿಷಿನಲ್ಲಿವೆ. ಅವು ಬಂದಾಗ ನೀವೇ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ. ಮಳೆಯ ದಿನ ಆಟದ ಪೀರಿಯಡ್ ತಪ್ಪಿದಾಗ ತೋರಿಸಿ ನೋಡಿ. ನಿಮ್ಮ ಮಕ್ಕಳು ಏನು ಹೇಳಿದರೆಂದು ನಮಗೂ ತಿಳಿಸಿ.